ಬೇಸ್ ಹಿಡಿದವನಿಗೆ ಬಾಯಿಲ್ಲವೇ?

ಕಾಲೇಜು ಫೆಸ್ಟು. ವೇದಿಕೆಯ ಮೇಲೆ ಐದು ಹುಡುಗರು, ಐದೂ ಜನರ ಮೈಮೇಲೆ ಕಪ್ಪು ಟೀ ಶರ್ಟು. ಹಾಡುವವನು ಅರಚಿದ. ಲೀಡ್ ಗಿಟಾರಿನವನು ಮುಂದೆ ಬಂದು, ಸ್ಪೀಕರಿನ ಮೇಲೆ ಕಾಲಿಟ್ಟು ಸೋಲೋ ಬಾರಿಸಿದ. ಡ್ರಮ್ಮಿನವನು ಕೋಲನ್ನು ಗಾಳಿಗೆ ಎಸೆದು ಹಿಡಿದ. ಕೊನೆಗೆ ಹಾಡುಗಾರ ಮೈಕು ಹಿಡಿದು ಒಬ್ಬೊಬ್ಬರ ಹೆಸರು ಕೂಗಿದ. ತನ್ನದೂ ಸೇರಿ ನಾಲ್ಕು ಹೆಸರಾಯಿತು. ಐದನೆಯವನ ಹೆಸರು ಬರಲೇ ಇಲ್ಲ. ಮರೆತೇಬಿಟ್ಟಿದ್ದ!

ಆ ಐದನೆಯವನು ನಾನು. ನನ್ನ ಕೈಯಲ್ಲಿದ್ದದ್ದು ಬೇಸ್ ಗಿಟಾರು.

ನಮ್ಮ ಬ್ಯಾಂಡುಗಳಲ್ಲಿ ಬೇಸಿಸ್ಟ್ ಹುಟ್ಟುವುದು ಹೇಗೆ ಗೊತ್ತಲ್ಲ? ಐದು ಜನ ಸೇರುತ್ತಾರೆ, ಮೂವರಿಗೆ ಗಿಟಾರೇ ಬೇಕು. ಮೂವರಲ್ಲಿ ಯಾರ ಕೈ ಸ್ವಲ್ಪ ನಿಧಾನವೋ, ಯಾರ ಬಾಯಿ ಸ್ವಲ್ಪ ಮೆತ್ತಗೋ, ಅವನ ಕುತ್ತಿಗೆಗೆ ಬೇಸ್ ನೇತುಹಾಕುತ್ತಾರೆ. 'ನಾಲ್ಕೇ ತಂತಿ ಕಣೋ, ಈಜಿ' ಅಂತ ಸಮಾಧಾನ ಬೇರೆ! ಆಮೇಲೆ ಅವನ ಕೆಲಸವೇನು? ಡ್ರಮ್ಮಿನ ಪಕ್ಕ ನಿಲ್ಲುವುದು, ಗಿಟಾರಿನವನು ಬಾರಿಸಿದ್ದನ್ನೇ ಕೆಳಗಿನ ಸ್ಥಾಯಿಯಲ್ಲಿ ಬಾರಿಸುವುದು, ಆಂಪು ಹೊತ್ತು ಆಟೋಗೆ ಹಾಕುವುದು.

ಅವನೇನಾದರೂ ಒಂದು ದಿನ 'ನನಗೂ ಒಂದು ಸೋಲೋ ಕೊಡಿ' ಅಂದನೋ, ಎಲ್ಲರಿಗೂ ನಗು. ನನಗೂ ಒಬ್ಬ ಸೀನಿಯರ್ ಹೇಳಿದ್ದ: 'ಬೇಸ್ ಅಂದ್ರೆ ಪಾಯ ಕಣಯ್ಯಾ. ಪಾಯ ಯಾವತ್ತಾದ್ರೂ ಮಾತಾಡುತ್ತಾ?'

ಪಾಯ ಮಾತಾಡುವುದಿಲ್ಲ, ನಿಜ. ಆದರೆ ಬೇಸ್ ಕಲ್ಲಲ್ಲ ಸ್ವಾಮಿ, ತಂತಿ. ತಂತಿ ಇರುವುದೇ ಮಿಡಿಯುವುದಕ್ಕೆ!

ಮೊದಲ ದಿನದಿಂದಲೂ ಇದೆ

'ಮೆಟಲ್‌ನಲ್ಲಿ ಬೇಸ್ ಸೋಲೋ ಇಲ್ಲ' ಅನ್ನುವ ಪಂಡಿತರು ಇತಿಹಾಸ ಓದಿಲ್ಲ. ಹೆವಿ ಮೆಟಲ್ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ ಬಂದದ್ದು ೧೯೭೦ರಲ್ಲಿ. ಅದರಲ್ಲಿ 'ಎನ್.ಐ.ಬಿ.' ಎಂಬ ಹಾಡು ಶುರುವಾಗುವುದೇ ಗೀಜರ್ ಬಟ್ಲರ್‌ನ ಒಂಟಿ ಬೇಸ್‌ನಿಂದ. ಬೇಸ್‌ಗೆ ವಾ ಪೆಡಲ್ ಕಟ್ಟಿ, ತಂತಿಯಿಂದ ಮನುಷ್ಯನ ಬಾಯಿಯ ಹಾಗೆ ಉಲಿಸಿದ್ದಾನೆ. ಅಂದರೆ ಮೆಟಲ್ ಕಣ್ಣು ಬಿಟ್ಟ ವರ್ಷವೇ ಬೇಸ್ ಬಾಯಿ ಬಿಟ್ಟಿತ್ತು!

ಆಮೇಲೆ ಲೆಮ್ಮಿ. ೧೯೭೫ರಲ್ಲಿ ಮೋಟರ್‌ಹೆಡ್ ಕಟ್ಟಿದವನು. ಮೂಲತಃ ಗಿಟಾರಿನವನು. ಬೇಸ್ ಕೈಗೆ ಬಂದ ಮೇಲೂ ಗಿಟಾರಿನ ಹಾಗೆ ಸ್ವರಗಳನ್ನು ಒಟ್ಟೊಟ್ಟಿಗೆ ಬಾರಿಸಿದ, ಮಾರ್ಷಲ್ ಆಂಪುಗಳನ್ನು ಗರಿಷ್ಠಕ್ಕೆ ತಿರುಗಿಸಿದ. ೧೯೭೯ರ 'ಸ್ಟೇ ಕ್ಲೀನ್' ಹಾಡಿನ ನಡುವೆ ಸೋಲೋ ಬರುತ್ತದಲ್ಲ, ಅದು ಗಿಟಾರ್ ಅಲ್ಲ, ಲೆಮ್ಮಿಯ ಬೇಸ್.

ಇನ್ನು ಕ್ಲಿಫ್ ಬರ್ಟನ್. ೧೯೮೨ರಲ್ಲಿ ಮೆಟಾಲಿಕಾದ ಹುಡುಗರು ಲಾಸ್ ಏಂಜಲೀಸ್‌ನ ಒಂದು ಕ್ಲಬ್ಬಿಗೆ ಹೋಗಿದ್ದರು. ಟ್ರಾಮಾ ಎಂಬ ತಂಡ ನುಡಿಸುತ್ತಿತ್ತು. ಹುಚ್ಚು ಹಿಡಿಸುವಂಥ ಸೋಲೋ ಕೇಳಿಸಿತು. ಯಾರಪ್ಪ ಈ ಗಿಟಾರಿನವನು ಎಂದು ಕತ್ತು ಉದ್ದ ಮಾಡಿ ನೋಡಿದರೆ, ಅದು ಬೇಸ್! ಉದ್ದ ಕೂದಲಿನ ತೆಳ್ಳನೆ ಹುಡುಗನ ಬರಿಗೈ ಬೆರಳು. 'ನಮ್ಮ ತಂಡಕ್ಕೆ ಬಾ' ಎಂದು ಕೇಳಿದರು. ಕ್ಲಿಫ್ ಒಂದು ಷರತ್ತು ಹಾಕಿದ: ನಾನು ನಿಮ್ಮೂರಿಗೆ ಬರುವುದಿಲ್ಲ, ನೀವೇ ನಮ್ಮೂರ ಕಡೆ ಬನ್ನಿ. ಇಡೀ ತಂಡ ಗಂಟುಮೂಟೆ ಕಟ್ಟಿಕೊಂಡು ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಮನೆ ಬದಲಾಯಿಸಿತು. ಹಿಂದೆ ನಿಲ್ಲುವವನು ಅಂತೀರಲ್ಲ, ಅವನಿಗಾಗಿ!

೧೯೮೩ರಲ್ಲಿ ಮೆಟಾಲಿಕಾದ ಮೊದಲ ಆಲ್ಬಮ್ 'ಕಿಲ್ ಎಮ್ ಆಲ್' ಬಂತು. ಅದರಲ್ಲಿ ನಾಲ್ಕು ನಿಮಿಷಕ್ಕೂ ಮಿಕ್ಕಿದ ಒಂದು ತುಣುಕು ಪೂರ್ತಿ ಕ್ಲಿಫ್‌ನದು, 'ಅನೆಸ್ತೀಸಿಯಾ'. ಮೊದಲ ಅರ್ಧ ಒಬ್ಬನೇ, ಆಮೇಲೆ ಡ್ರಮ್ಮು ಬಂದು ಸೇರಿಕೊಳ್ಳುತ್ತದೆ. ಗಿಟಾರು ಇಲ್ಲವೇ ಇಲ್ಲ. ೧೯೮೬ರ ಸೆಪ್ಟೆಂಬರ್ ೨೭ರಂದು ಸ್ವೀಡನ್ನಿನಲ್ಲಿ ತಂಡದ ಬಸ್ಸು ಉರುಳಿ ಕ್ಲಿಫ್ ಸತ್ತ. ವಯಸ್ಸು ೨೪. ನಮ್ಮ ಹುಡುಗರು ಡಿಗ್ರಿ ಮುಗಿಸಿ ಕೆಲಸ ಹುಡುಕುವ ವಯಸ್ಸು.

ಆಮೇಲೆ ಏನಾಯಿತು ಗೊತ್ತೇ? ೧೯೮೮ರಲ್ಲಿ ಅದೇ ಮೆಟಾಲಿಕಾದ 'ಆಂಡ್ ಜಸ್ಟಿಸ್ ಫಾರ್ ಆಲ್' ಬಂತು. ಹೊಸ ಬೇಸಿಸ್ಟ್ ಜೇಸನ್ ನ್ಯೂಸ್ಟೆಡ್. ಆ ಆಲ್ಬಮ್ ಹಾಕಿಕೊಂಡು ಕೇಳಿ, ಬೇಸ್ ಎಲ್ಲಿದೆ ಹುಡುಕಿ. ಸಿಕ್ಕುವುದಿಲ್ಲ! ಅವನು ಬಾರಿಸಿದ್ದ, ಮಿಕ್ಸಿಂಗಿನಲ್ಲಿ ತಗ್ಗಿಸಿಬಿಟ್ಟರು. ಹೆಸರಿನಲ್ಲಿ ನ್ಯಾಯ, ಒಳಗೆ ಅನ್ಯಾಯ. ಮೆಟಲ್ ಕೇಳುವವರು ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾರೆ.

ನನ್ನ ತಪ್ಪೂ ಹೇಳಿಬಿಡುತ್ತೇನೆ

ಬರೀ ಬೇರೆಯವರನ್ನು ಬೈದರೆ ಆಗಲಿಲ್ಲ. ಆ ಫೆಸ್ಟಾದ ಮೇಲೆ ನಾನು ಬ್ಯಾಂಡಿನವರ ಜತೆ ಜಗಳವಾಡಿದೆ. ಪಾಪ, ಹೆಸರು ಮರೆತದ್ದಕ್ಕೆ ನಾಚಿಕೆಯಾಗಿ ಮುಂದಿನ ಷೋಗೆ ಒಂದು ಸೋಲೋ ಕೊಟ್ಟೇಬಿಟ್ಟರು. ನಾನು ಮಾಡಿದ್ದೇನು? ಸಾಲ ಮಾಡಿ ಒಂದು ಡಿಸ್ಟಾರ್ಷನ್ ಪೆಡಲ್ ತಂದೆ. ಎರಡು ವಾರ ಹಗಲೂ ರಾತ್ರಿ ಯಾರದೋ ಸೋಲೋದ ಟ್ಯಾಬ್ ಮುಂದಿಟ್ಟುಕೊಂಡು ಗೀಚಿದೆ. ಮಣಿಕಟ್ಟು ನೋವು ಬಂತು, ಲೆಕ್ಕಿಸಲಿಲ್ಲ. ಷೋ ದಿನ ಪೆಡಲ್ ಒತ್ತಿದೆ, ಕಣ್ಣು ಮುಚ್ಚಿದೆ, ಬಾರಿಸಿದೆ.

ಜನಕ್ಕೆ ಕೇಳಿಸಿದ್ದು ಬರೀ 'ಗೊರ್ರ್' ಎಂಬ ಸದ್ದು. ಲಾರಿ ಗೇರು ಬದಲಿಸಿದ ಹಾಗೆ. ಬಿಡಬೇಕಾದ ತಂತಿಗಳೆಲ್ಲ ಮೊರೆಯುತ್ತಿದ್ದವು. ನಾನು ಲಯ ಬಿಟ್ಟೆ, ನನ್ನನ್ನು ನಂಬಿಕೊಂಡಿದ್ದ ಡ್ರಮ್ಮರ್ ದಾರಿ ತಪ್ಪಿದ, ಹಾಡೇ ನಿಂತುಹೋಯಿತು. ಹೆಸರು ಮರೆತದ್ದು ಅವರ ತಪ್ಪು. ಸಿಕ್ಕ ಅವಕಾಶ ಕೆಡಿಸಿದ್ದು ನನ್ನ ತಪ್ಪು. ನನ್ನಿಂದಾಗಿ ಆ ಕಾಲೇಜಿನಲ್ಲಿ ನನ್ನ ನಂತರ ಬಂದ ಬೇಸಿಸ್ಟುಗಳಿಗೂ 'ನೋಡಿದ್ವಲ್ಲ ಅವತ್ತು' ಎಂಬ ಮಾತು ಬಿತ್ತು. ಆ ಪಾಪದ ಪ್ರಾಯಶ್ಚಿತ್ತಕ್ಕೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಅವತ್ತು ನನಗೆ ಗೊತ್ತಿಲ್ಲದೇ ಇದ್ದದ್ದು ಇಷ್ಟು: ಬೇಸ್ ಸೋಲೋ ಅಂದರೆ ಗಿಟಾರಿನ ಅಣಕು ಅಲ್ಲ. ಅದು ದಿನನಿತ್ಯದ ಬೇಸ್ ಕೆಲಸದಿಂದಲೇ ಬೆಳೆದು ಬರಬೇಕಾದ ಮಾತು. ಹಿಂದೆ ನಿಂತು ತಾಳ ಹಿಡಿಯಲು ಬಾರದವನು ಮುಂದೆ ಬಂದು ಏನು ಮಾತಾಡಿಯಾನು?

ವಾದ್ಯದ ಲೆಕ್ಕ

ಗಿಟಾರಿನಲ್ಲಿ ಸೇತುವೆಯಿಂದ ನೆತ್ತಿಯವರೆಗೆ ತಂತಿಯ ಉದ್ದ ಸುಮಾರು ೨೫ ಇಂಚು. ಬೇಸ್‌ನಲ್ಲಿ ೩೪ ಇಂಚು. ತಂತಿಗಳೂ ದಪ್ಪ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು ೮೨ ಸಲ ಕಂಪಿಸಿದರೆ, ಬೇಸ್‌ನದು ೪೧ ಸಲ. ಇಷ್ಟು ಕೆಳಗಿನ ಸದ್ದನ್ನು ನಮ್ಮ ಕಿವಿ ಬಿಡಿಬಿಡಿಯಾಗಿ ಹಿಡಿಯಲಾರದು. ಅಲ್ಲಿ ವೇಗವಾಗಿ ಬಾರಿಸಿದರೆ ಗಡಿಗೆಯೊಳಗೆ ಕಲ್ಲು ಹಾಕಿ ಕುಲುಕಿದ ಹಾಗೆ. ಆದ್ದರಿಂದಲೇ ಸೋಲೋ ಹೆಚ್ಚಾಗಿ ನಡೆಯುವುದು ಮೇಲಿನ ಎರಡು ತಂತಿಗಳಲ್ಲಿ, ೧೨ನೇ ಫ್ರೆಟ್ಟಿನ ಆಸುಪಾಸು. ಕೆಳಗಿನ ತಂತಿಗಳನ್ನು ಪೂರ್ತಿ ಬಿಡಬೇಡಿ. ನಡುನಡುವೆ ಒಂದು ಖಾಲಿ ತಂತಿ ಮೀಟಿದರೆ ತಂಬೂರಿ ಶ್ರುತಿಯ ಹಾಗೆ ಹಿಂದೆ ನಿಲ್ಲುತ್ತದೆ.

ಮೊದಲು ಬಾಯಿ ಮುಚ್ಚಿಸಿ

ಕಲಿಕೆಯ ಮೊದಲ ಪಾಠ ಬಾರಿಸುವುದಲ್ಲ, ಬಾರಿಸದೆ ಇರುವುದು. ಒಂದು ತಂತಿ ನುಡಿಯುವಾಗ ಮಿಕ್ಕ ಮೂರು ಸುಮ್ಮನಿರಬೇಕು. ಬಲಗೈ ಹೆಬ್ಬೆರಳನ್ನು ನೀವು ನುಡಿಸುವ ತಂತಿಗಿಂತ ಕೆಳಗಿನ ಸ್ಥಾಯಿಯ ತಂತಿಗಳ ಮೇಲೆ ಒರಗಿಸಿ, ತಂತಿ ಬದಲಾದಂತೆ ಹೆಬ್ಬೆರಳೂ ಜರುಗಲಿ. ಮೇಲಿನ ಸ್ಥಾಯಿಯ ತಂತಿಗಳನ್ನು ಎಡಗೈ ಬೆರಳಿನ ಒಳಬದಿ ಮೃದುವಾಗಿ ಮುಟ್ಟಿಕೊಂಡಿರಲಿ. ಡಿಸ್ಟಾರ್ಷನ್ ಹಾಕಿದಾಗ ಸಣ್ಣ ಸದ್ದೂ ದೊಡ್ಡದಾಗುತ್ತದೆ. ನನ್ನ 'ಗೊರ್ರ್' ಬಂದದ್ದು ಇಲ್ಲಿಂದಲೇ!

ಆಮೇಲೆ ಬಲಗೈಯ ಎರಡು ಬೆರಳು. ತೋರುಬೆರಳು, ನಡುಬೆರಳು, ಮತ್ತೆ ತೋರುಬೆರಳು, ನಡುಬೆರಳು. ಎತ್ತಿನ ಜೋಡಿಯ ಹಾಗೆ ಸಮನಾಗಿ ನಡೆಯಬೇಕು. ಐರನ್ ಮೇಡನ್ನಿನ ಸ್ಟೀವ್ ಹ್ಯಾರಿಸ್ ಕುದುರೆ ಓಡಿಸುವುದು ಈ ಎರಡೇ ಬೆರಳಲ್ಲಿ. ಒಂದು ಉದ್ದ, ಎರಡು ಗಿಡ್ಡ: 'ತಾ-ತಕ, ತಾ-ತಕ'. ಮೂರು ಪೆಟ್ಟು, ಎರಡು ಬೆರಳು. ಹಾಗಾಗಿ ಒಂದು ಸಲ ತೋರುಬೆರಳು ಮೊದಲಾದರೆ, ಮರುಸಲ ನಡುಬೆರಳು ಮೊದಲಾಗುತ್ತದೆ. ಕಣ್ಣು ಮುಚ್ಚಿ ಕೇಳಿದಾಗ ಯಾವ ಬೆರಳು ಎಂದು ಗೊತ್ತಾಗಬಾರದು. ಅಲ್ಲಿಯವರೆಗೆ ಸೋಲೋದ ಸುದ್ದಿ ಎತ್ತಬೇಡಿ. ಮಿಸ್ಟರ್ ಬಿಗ್ ತಂಡದ ಬಿಲ್ಲಿ ಶೀಹನ್, ಕ್ಯಾನಿಬಲ್ ಕಾರ್ಪ್ಸ್‌ನ ಅಲೆಕ್ಸ್ ವೆಬ್‌ಸ್ಟರ್ ಮೂರು ಬೆರಳು ಬಳಸುತ್ತಾರೆ. ಎರಡು ಹದಕ್ಕೆ ಬಂದ ಮೇಲೆ ಮೂರನೆಯದು.

ಪಾಠ ನಮ್ಮ ಮನೆಯಲ್ಲೇ ಇದೆ

ಇದಕ್ಕೆ ಅಭ್ಯಾಸದ ಪುಸ್ತಕ ಬೇಕೇ? ಅಕ್ಕನೋ ತಂಗಿಯೋ ಸಂಗೀತದ ಟೀಚರ ಹತ್ತಿರ ಕಲಿತ ಸರಳೆ ವರಸೆಯ ನೋಟ್ಸು ಅಟ್ಟದ ಮೇಲೆ ಇರುತ್ತದಲ್ಲ, ತೆಗೆಯಿರಿ! ಪುರಂದರದಾಸರು ಹಾಕಿಕೊಟ್ಟದ್ದು ಎಂದು ಪರಂಪರೆ ಹೇಳುವ ಪಾಠಕ್ರಮ ಅದು. ಜಂಟಿ ವರಸೆಯಲ್ಲಿ ಪ್ರತಿ ಸ್ವರ ಎರಡೆರಡು ಸಲ. ಎರಡು ಬೆರಳಿಗೆ ಇದಕ್ಕಿಂತ ಒಳ್ಳೆಯ ಕಸರತ್ತು ಯಾವುದಿದೆ? ದಾಟು ವರಸೆಯಲ್ಲಿ ಸ್ವರ ಹಾರಿ ಹಾರಿ ಹೋಗಬೇಕು. ತಂತಿ ಬಿಟ್ಟು ತಂತಿಗೆ ಜಿಗಿಯುವುದನ್ನು ಅದು ಕಲಿಸುತ್ತದೆ.

ಎಲ್ಲಕ್ಕಿಂತ ಮುಖ್ಯ, ಮೂರು ಕಾಲ. ಫೋನಿನಲ್ಲಿ ಮೆಟ್ರೊನೋಮ್ ಹಾಕಿ, ನಿಮಿಷಕ್ಕೆ ೬೦ ಬಡಿತ ಇಡಿ. ಒಂದು ಬಡಿತಕ್ಕೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಬಡಿತ ಬದಲಾಗಬಾರದು. ನಿಧಾನದಲ್ಲಿ ಸ್ವಚ್ಛವಾಗಿ ಬಂದರೆ ಮಾತ್ರ ೬೪, ೬೮ ಅಂತ ಏರಿಸಿ. ೧೨೦ರಲ್ಲಿ ನಾಲ್ಕು ಸ್ವರವೆಂದರೆ ಸೆಕೆಂಡಿಗೆ ಎಂಟು. ಎಂಟೂ ಬಿಡಿಬಿಡಿಯಾಗಿ ಕೇಳಿಸಿದರೆ ನೀವು ಯಾವ ವೇದಿಕೆಯಲ್ಲೂ ತಲೆ ತಗ್ಗಿಸಬೇಕಾಗಿಲ್ಲ.

ಮೆಟಲ್‌ನ ಸ್ವರಶ್ರೇಣಿಗಳೂ ಅಪರಿಚಿತವಲ್ಲ. ನ್ಯಾಚುರಲ್ ಮೈನರ್ ಎನ್ನುವುದರ ಮೆಟ್ಟಿಲುಗಳು ನಮ್ಮ ನಟಭೈರವಿಯವೇ. ಹಾರ್ಮೋನಿಕ್ ಮೈನರ್ ಅಂದರೆ ಕೀರವಾಣಿ. ಫ್ರಿಜಿಯನ್ ಅಂದರೆ ಹನುಮತೋಡಿ. ಲೀಡ್ ಗಿಟಾರಿನವರು ದಿನಾ ಉಜ್ಜುವ ಮೈನರ್ ಪೆಂಟಟಾನಿಕ್ಕಿಗೆ ಶುದ್ಧ ಧನ್ಯಾಸಿಯ ಐದು ಸ್ವರ. ಸರಳೆ ವರಸೆ ಕಲಿಸುವ ಮಾಯಾಮಾಳವಗೌಳವನ್ನೇ ಒಂದು ತಂತಿಯಲ್ಲಿ ನುಡಿಸಿ ನೋಡಿ: ಖಾಲಿ ತಂತಿ, ೧, ೪, ೫, ೭, ೮, ೧೧, ೧೨ನೇ ಫ್ರೆಟ್ಟು. ಡಿಸ್ಟಾರ್ಷನ್ ಹಾಕಿದರೆ ಮೈ ಜುಮ್ಮೆನ್ನುತ್ತದೆ! ಹಾಗಂತ ಮೆಟ್ಟಿಲು ಸೇರಿದ ಮಾತ್ರಕ್ಕೆ ರಾಗವಾಗಲಿಲ್ಲ. ರಾಗಕ್ಕೆ ಅದರದೇ ಗಮಕ, ನಡೆ ಇದೆ. ಆದರೆ ಬೆರಳಿಗೆ, ಕಿವಿಗೆ ದಾರಿ ಗೊತ್ತಿದೆ ಎನ್ನುವುದೇ ದೊಡ್ಡ ಆಸ್ತಿ. ಕದ್ರಿ ಗೋಪಾಲನಾಥರು ಬ್ಯಾಂಡಿನ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದಾಗ ವಾದ್ಯ ಅಡ್ಡಬರಲಿಲ್ಲ. ನಮಗೆ ಬೇಸ್ ಯಾಕೆ ಅಡ್ಡಬರಬೇಕು?

ಪೆಡಲ್ ಅಂಗಡಿಗೆ ಓಡಬೇಡಿ

ಈಗ ಸದ್ದಿನ ವಿಷಯ. ಬೇಸ್‌ಗೆ ಬರೀ ಡಿಸ್ಟಾರ್ಷನ್ ಹಾಕಿದರೆ ಅದರ ಹೊಟ್ಟೆಯೇ ಹೋಗಿಬಿಡುತ್ತದೆ, ಜೇನುನೊಣದ ಗುಂಯ್‌ಗುಟ್ಟುವಿಕೆ ಮಾತ್ರ ಉಳಿಯುತ್ತದೆ. ಆದ್ದರಿಂದ ಶುದ್ಧ ಸದ್ದನ್ನೂ ಕೊರೆದ ಸದ್ದನ್ನೂ ಬೆರೆಸಬೇಕು. ಬೆರೆಸುವ ಗುಬುಟು ಇರುವ ಪೆಡಲ್ ಒಂದಿದ್ದರೆ ಸಾಕು. ಆಂಪಿನಲ್ಲಿ ಮಿಡ್ ಏರಿಸಿ. ಗಿಟಾರುಗಳ ನಡುವೆ ಬೇಸ್ ಎದ್ದು ಕೇಳಿಸುವುದು ಅಲ್ಲಿಂದಲೇ, ಕೆಳಗಿನ ಗುಡುಗಿನಿಂದಲ್ಲ. ಹಾಗೆಯೇ ಗಿಟಾರಿನ ಸಣ್ಣ ಆಂಪಿಗೆ ಬೇಸ್ ಸಿಕ್ಕಿಸಿ ಜೋರಾಗಿ ಬಾರಿಸಬೇಡಿ, ಸ್ಪೀಕರು ಹರಿದುಹೋಗುತ್ತದೆ. ಮನೆಯಲ್ಲಿ ಹೆಡ್‌ಫೋನು ಸಾಕು. ಪಕ್ಕದ ಮನೆ ಆಂಟಿಯ ಶಾಪವೂ ತಪ್ಪುತ್ತದೆ.

ಟ್ಯಾಪಿಂಗ್ ಅನ್ನುತ್ತಾರೆ, ಎರಡೂ ಕೈಯಿಂದ ಫ್ರೆಟ್ಟಿನ ಮೇಲೆ ಕುಟ್ಟುವುದು. ನೋಡಲು ಚೆಂದ, ಕಲಿಯಿರಿ. ಆದರೆ ಕೊನೆಗೆ. ಮನೋವಾರ್ ತಂಡದ ಜೋಯ್ ಡಿಮಾಯೋ ೧೯೮೮ರಲ್ಲಿ ರಷ್ಯಾದ ರಿಮ್‌ಸ್ಕಿ ಕೊರ್ಸಕೋವನ ದುಂಬಿಯ ಹಾರಾಟವನ್ನೇ ಬೇಸ್‌ನಲ್ಲಿ ಬಾರಿಸಿ ಬೆರಗುಗೊಳಿಸಿದ. ಅಬ್ಬಾ ಅನಿಸುತ್ತದೆ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಸರ್ಕಸ್ಸು ನೋಡಿ ಬಂದ ಹಾಗಿರುತ್ತದೆ. ಕ್ಲಿಫ್‌ನ ಸೋಲೋ ಹಾಗಲ್ಲ, ಒಮ್ಮೆ ಕೇಳಿದರೆ ರಾತ್ರಿ ಮಲಗಿದಾಗಲೂ ತಲೆಯಲ್ಲಿ ಗುನುಗುತ್ತದೆ. ಅವನು ಪಿಯಾನೋ ಕಲಿತಿದ್ದ, ಬಾಖ್‌ನನ್ನು ಕಿವಿಗೊಟ್ಟು ಕೇಳಿದ್ದ. ಅದಕ್ಕೇ ಅವನ ಬೆರಳು ಓಡುವಾಗಲೂ ಒಂದು ಹಾಡು ಇರುತ್ತದೆ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಮಣಿಕಟ್ಟು ನೋಯುತ್ತಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ನಿಲ್ಲಿಸಿ. ನೋವು ಸಹಿಸುವುದು ಗಂಡಸುತನವಲ್ಲ, ದಡ್ಡತನ. ಪಟ್ಟಿ ಉದ್ದ ಬಿಟ್ಟು ಬೇಸನ್ನು ಮೊಣಕಾಲಿಗೆ ನೇತುಹಾಕುವ ಷೋಕಿ ಬಿಡಿ. ಕೂತಾಗ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರಲಿ. ಕಿವಿಯದೂ ಅಷ್ಟೇ. ೮೫ ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ ೮ ಗಂಟೆ ತಡೆದೀತು. ೧೦೦ ಡೆಸಿಬೆಲ್ ಆದರೆ ಕೇವಲ ೧೫ ನಿಮಿಷ. ಜಾಮ್ ರೂಮಿನಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆಯೇ? ಇಯರ್‌ಪ್ಲಗ್ಗಿನ ಬೆಲೆ ಎರಡು ಕಾಫಿಯದು. ಹೋದ ಕಿವಿ ಯಾವ ಬೆಲೆಗೂ ಬರುವುದಿಲ್ಲ.

ನಿಮ್ಮ ಎಂಟು ಆವರ್ತ

ಇನ್ನು ಸೋಲೋ. ಯಾರದೋ ಟ್ಯಾಬ್ ಕದಿಯಬೇಡಿ. ನಿಮ್ಮ ಬ್ಯಾಂಡಿನ ಹಾಡಿನಲ್ಲೇ ನೀವು ದಿನಾ ಬಾರಿಸುವ ರಿಫ್ ತೆಗೆದುಕೊಳ್ಳಿ. ಬೇಸ್ ಕೆಳಗಿಟ್ಟು, ಅದರ ಮೇಲೆ ಒಂದು ಸಾಲು ಬಾಯಲ್ಲಿ ಹಾಡಿ. ಬಾಯಲ್ಲಿ ಬಾರದ್ದು ಬೆರಳಲ್ಲಿ ಬಂದರೆ ಅದು ಬರೀ ಚಪಲ. ಹಾಡಿದ್ದನ್ನು ತಂತಿಯ ಮೇಲೆ ಹುಡುಕಿ. ಮೊದಲ ಎರಡು ಆವರ್ತ ರಿಫ್ಫಿಗೆ ಹತ್ತಿರವೇ ಇರಲಿ, ಕೇಳುವವನಿಗೆ ಕೈಹಿಡಿದ ಹಾಗಿರಲಿ. ಮುಂದಿನ ನಾಲ್ಕರಲ್ಲಿ ಮೇಲಕ್ಕೆ ಹತ್ತಿ, ಓಡಿ. ಕೊನೆಯ ಎರಡರಲ್ಲಿ ಇಳಿದು ಬಂದು, ತಂಡ ಕಾಯುತ್ತಿರುವ ಸಮದ ಮೇಲೆ ದಪ್ಪ ತಂತಿಯನ್ನು ಬಲವಾಗಿ ಮೀಟಿ. ಒಟ್ಟು ಎಂಟು ಆವರ್ತ. ಅಷ್ಟು ಸಾಕು! ಡ್ರಮ್ಮರ್ ಜತೆ ಇಬ್ಬರೇ ಕೂತು ಇಪ್ಪತ್ತು ಸಲ ಮಾಡಿ. ನೀವು ಮೇಲೆ ಹೋದಾಗ ಕೆಳಗೆ ಖಾಲಿಯಾಗುವ ಜಾಗವನ್ನು ಗಿಟಾರಿನವನು ತುಂಬಬೇಕು. ಇಷ್ಟು ದಿನ ನೀವು ಅವನಿಗೆ ಮಾಡಿದ್ದೂ ಅದೇ ಅಲ್ಲವೇ? ಈಗ ಅವನು ಮಾಡಲಿ.

೨೦೦೭ರ ಮಾರ್ಚ್ ೧೭ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು. ೧೯೭೫ರಲ್ಲಿ ಆ ತಂಡ ಕಟ್ಟಿದವನು, ಅದರ ಹೆಚ್ಚಿನ ಹಾಡು ಬರೆದವನು ಬೇಸಿನ ಸ್ಟೀವ್ ಹ್ಯಾರಿಸ್. ಅವನು ನಿಲ್ಲುವುದು ಡ್ರಮ್ಮಿನ ಮರೆಯಲ್ಲಲ್ಲ, ವೇದಿಕೆಯ ಅಂಚಿನಲ್ಲಿ. ಕಾಲು ಮುಂದಿಟ್ಟು, ಬೇಸನ್ನು ಜನರ ಕಡೆಗೆ ಕೋವಿಯ ಹಾಗೆ ತೋರಿಸುತ್ತ! ಆಮೇಲೆ ೨೦೧೧ರ ಅಕ್ಟೋಬರ್ ೩೦ರಂದು ಅದೇ ಮೈದಾನಕ್ಕೆ ಮೆಟಾಲಿಕಾ ಬಂತು, ಕ್ಲಿಫ್ ನಿಂತಿದ್ದ ಜಾಗದಲ್ಲಿ ರಾಬರ್ಟ್ ಟ್ರುಹಿಯೋ. ಅವತ್ತು ಆ ಧೂಳಿನಲ್ಲಿ ನಿಂತಿದ್ದ ಸಾವಿರಾರು ಹುಡುಗ ಹುಡುಗಿಯರಲ್ಲಿ ಬೇಸ್ ಹಿಡಿದವರೂ ಇದ್ದರು. ಹುಡುಗಿಯರೂ ಅನ್ನುವುದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಬೋಲ್ಟ್ ಥ್ರೋವರ್ ಎಂಬ ಘೋರ ಡೆತ್ ಮೆಟಲ್ ತಂಡದ ಬೇಸ್ ವರ್ಷಗಟ್ಟಲೆ ಹಿಡಿದಿದ್ದದ್ದು ಜೋ ಬೆಂಚ್ ಎಂಬ ಹೆಣ್ಣುಮಗಳು.

ಗೆಳೆಯರೇ, ಮೂಲೆಯಲ್ಲಿ ನಿಲ್ಲಿಸಿದರು ಎಂದು ಮೂಲೆಯಲ್ಲೇ ಉಳಿಯಬೇಡಿ. ಹಾಗೆಯೇ ತಯಾರಿಯಿಲ್ಲದೆ ನನ್ನ ಹಾಗೆ ಮುಂದೆ ನುಗ್ಗಿ ನಗೆಪಾಟಲಾಗಲೂ ಬೇಡಿ. ತಾಳ ಬಿಡದೆ, ತಂತಿ ಮೊರೆಯದೆ, ನಿಮ್ಮದೇ ಎಂಟು ಆವರ್ತ ಸಿದ್ಧ ಮಾಡಿಕೊಳ್ಳಿ. ಆಮೇಲೆ ಬ್ಯಾಂಡಿನವರನ್ನು ಕೂರಿಸಿ, ಮಾತಾಡದೆ ಬಾರಿಸಿ ತೋರಿಸಿ.

ಮುಂದಿನ ಫೆಸ್ಟಿನಲ್ಲಿ ಹಾಡುಗಾರ ಮೈಕು ಹಿಡಿದು ಹೆಸರು ಕೂಗುವಾಗ ಐದನೆಯ ಹೆಸರು ಮರೆಯಲಿ ನೋಡೋಣ. ಅವನು ಮರೆತರೂ ಕೆಳಗೆ ನಿಂತ ಜನ ಕೂಗುತ್ತಾರೆ!